ಅಕ್ಷರ ಕುಣಿಯುವುದಿಲ್ಲ ಸ್ವಾಮಿ

ಈಚೆಗೆ ಯಾವ ಶಿಕ್ಷಕರ ತರಬೇತಿಗೆ ಹೋದರೂ ಒಂದು ಚಿತ್ರ ತಪ್ಪದೆ ಪರದೆಯ ಮೇಲೆ ಬರುತ್ತದೆ. ಪುಸ್ತಕ ಬಿಚ್ಚಿಕೊಂಡು ಕೂತ ಹುಡುಗ, ಅವನ ಮುಖದ ಮುಂದೆ ಸುಂಟರಗಾಳಿಗೆ ಸಿಕ್ಕ ತರಗೆಲೆಗಳ ಹಾಗೆ ಹಾರಾಡುವ ಅಕ್ಷರಗಳು. ‘ಡಿಸ್ಲೆಕ್ಸಿಯಾ ಇರೋ ಮಗುವಿಗೆ ಅಕ್ಷರ ಕಾಣೋದೇ ಹೀಗೆ’ ಎನ್ನುತ್ತಾರೆ ಸಂಪನ್ಮೂಲ ವ್ಯಕ್ತಿ. ಹಿಂದಿನ ಬೆಂಚಿನ ಮೇಷ್ಟ್ರುಗಳು ಅಯ್ಯೋ ಪಾಪ ಎಂದು ತಲೆದೂಗುತ್ತಾರೆ. 2007ರಲ್ಲಿ ಬಂದ ಅಮೀರ್ ಖಾನ್ ಸಿನಿಮಾ ‘ತಾರೇ ಜಮೀನ್ ಪರ್’ ನೋಡಿದವರಿಗಂತೂ ಇದು ಕಣ್ಣಾರೆ ಕಂಡ ಸತ್ಯ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕುಗಳಲ್ಲಿ ಮೂವತ್ತಮೂರು ವರ್ಷ ಪಾಠ ಹೇಳಿದ ನಾನೂ ಎಷ್ಟೋ ಸಲ ಹಾಗೆ ತಲೆದೂಗಿದ್ದೇನೆ.

ಆ ಸಿನಿಮಾ ಒಂದು ಉಪಕಾರ ಮಾಡಿತು, ಇಲ್ಲವೆನ್ನಲಾರೆ. ಓದಲು ಬಾರದ ಮಗುವನ್ನು ‘ದಡ್ಡ ಮುಂಡೇದು’ ಎಂದು ಬೈಯುತ್ತಿದ್ದ ಬಾಯಿಗಳು ಸ್ವಲ್ಪ ಮುಚ್ಚಿಕೊಂಡವು. ಆದರೆ ತಲೆಯ ಮೇಲಿದ್ದ ತಪ್ಪನ್ನು ಇಳಿಸಿ ಕಣ್ಣಿನ ಮೇಲೆ ಕೂರಿಸಿದೆವು. ಕಣ್ಣಿನದೇ ತಪ್ಪು ಎಂದ ಮೇಲೆ ಮುಂದಿನದೆಲ್ಲ ತಾನಾಗಿ ಬರುತ್ತದೆ. ಕಣ್ಣಿನ ಶಿಬಿರ, ಕನ್ನಡಕ, ಬಣ್ಣದ ಪ್ಲಾಸ್ಟಿಕ್ ಹಾಳೆ, ‘ಈ ಎರಡು ಚಿತ್ರಗಳ ನಡುವಿನ ಆರು ವ್ಯತ್ಯಾಸ ಹುಡುಕಿ’ ಎನ್ನುವ ಅಭ್ಯಾಸದ ಹಾಳೆಗಳು. ಅದರಿಂದಲೂ ಆಗದಿದ್ದರೆ ಬೆಂಗಳೂರಿನ ತಜ್ಞರು ಇದ್ದೇ ಇದ್ದಾರೆ, ಚಿತ್ರದುರ್ಗದಿಂದ ಸುಮಾರು 200 ಕಿ.ಮೀ. ಇಷ್ಟರಲ್ಲಿ ಆ ಮಗುವಿನ ಮನೆಗೆ ಹೋಗುವವರು ಯಾರೂ ಇಲ್ಲ, ಹೋಗಬೇಕೆಂದು ಯಾರಿಗೂ ಅನ್ನಿಸುವುದೂ ಇಲ್ಲ. ಕಣ್ಣು ಮಗುವಿನ ಜೊತೆಗೇ ಶಾಲೆಗೆ ಬರುತ್ತದಲ್ಲ, ಮನೆಗೇಕೆ ಹೋಗಬೇಕು?

ನಾನು ಬರೆಯಹೊರಟಿರುವುದು ಈ ನಂಬಿಕೆಯ ವಿರುದ್ಧ.

ಓದಿನ ತೊಂದರೆಗೂ ಕಣ್ಣಿಗೂ ಗಂಟು ಬಿದ್ದದ್ದು ಆಕಸ್ಮಿಕ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯ ಹದಿನಾಲ್ಕು ವರ್ಷದ ಜಾಣ ಹುಡುಗನೊಬ್ಬನಿಗೆ ಓದಲು ಮಾತ್ರ ಬಾರದ ಸಂಗತಿಯನ್ನು ವೈದ್ಯಕೀಯ ಪತ್ರಿಕೆಯೊಂದಕ್ಕೆ ಬರೆದ. ಅವನು ಅದಕ್ಕಿಟ್ಟ ಹೆಸರು ‘ಹುಟ್ಟಿನಿಂದ ಬಂದ ಪದಗುರುಡು’. ಮುಂದೆ ಈ ವಿಷಯ ಹಿಡಿದು ಪುಸ್ತಕ ಬರೆದ ಗ್ಲಾಸ್ಗೋದ ಹಿನ್ಶೆಲ್‌ವುಡ್ ಕಣ್ಣಿನ ವೈದ್ಯ. ಓದಲು ಬಾರದ ಮಗುವನ್ನು ತಂದೆತಾಯಿ ಮೊದಲು ಕರೆದೊಯ್ಯುವುದು ಕಣ್ಣಿನ ಡಾಕ್ಟರ ಬಳಿಗೆ, ಹಾಗಾಗಿ ಕಣ್ಣಿನ ಡಾಕ್ಟರೇ ಅದನ್ನು ಕೈಗೆತ್ತಿಕೊಂಡ. 1925ರಲ್ಲಿ ಅಮೆರಿಕದ ಆರ್ಟನ್ ಬಂದು, ಅಕ್ಷರಗಳು ಮಿದುಳಿನಲ್ಲಿ ತಿರುಚಿಕೊಳ್ಳುತ್ತವೆ ಎಂದ. 1960ರ ದಶಕದಲ್ಲಿ ಮರಿಯಾನ್ ಫ್ರಾಸ್ಟಿಗ್ ಆಕಾರ ಗುರುತಿಸುವ, ಗೆರೆ ಎಳೆಯುವ ಅಭ್ಯಾಸಗಳನ್ನು ತಯಾರಿಸಿದರು. ಇವತ್ತು ನಮ್ಮ ಸಂಪನ್ಮೂಲ ಕೊಠಡಿಗಳಲ್ಲಿ ಜೆರಾಕ್ಸ್ ಆಗುತ್ತಿರುವ ‘ದೃಶ್ಯ ಗ್ರಹಿಕೆ’ಯ ಹಾಳೆಗಳು ಅದೇ ವಂಶದ ಮರಿಮಕ್ಕಳು.

ಇದಕ್ಕೆ ಎದುರುತ್ತರ ಬಂದೂ ಐವತ್ತು ವರ್ಷವಾಯಿತು. 1970ರ ದಶಕದಲ್ಲಿ ವೆಲುಟಿನೊ ಎಂಬ ಅಮೆರಿಕದ ಸಂಶೋಧಕ ಒಂದು ಸರಳ ಉಪಾಯ ಹೂಡಿದ. ಚೆನ್ನಾಗಿ ಓದುವ ಮಕ್ಕಳು, ಓದಲಾಗದ ಮಕ್ಕಳು, ಇಬ್ಬರಿಗೂ ಗೊತ್ತಿಲ್ಲದ ಹೀಬ್ರೂ ಅಕ್ಷರಗಳನ್ನು ತೋರಿಸಿ, ನೆನಪಿನಿಂದ ಬರೆಯಿರಿ ಎಂದ. ಕಣ್ಣಿನ ಗ್ರಹಿಕೆಯಲ್ಲೇ ಐಬಿದ್ದರೆ ಓದಲಾಗದ ಮಕ್ಕಳು ಇಲ್ಲಿಯೂ ಹಿಂದೆ ಬೀಳಬೇಕಿತ್ತು. ಬೀಳಲಿಲ್ಲ, ಇಬ್ಬರೂ ಸರಿಸಮ ನಿಂತರು. ಆಕಾರ ಇಬ್ಬರಿಗೂ ಕಾಣುತ್ತಿತ್ತು. ಆಕಾರಕ್ಕೆ ಸದ್ದನ್ನೂ ಹೆಸರನ್ನೂ ಅಂಟಿಸುವಲ್ಲಿ ಮಾತ್ರ ಒಬ್ಬರಿಗೆ ತೊಡಕಿತ್ತು. 2009ರಲ್ಲಿ ಅಮೆರಿಕದ ಮಕ್ಕಳ ವೈದ್ಯರ, ಕಣ್ಣಿನ ವೈದ್ಯರ ಸಂಘಗಳು ಜಂಟಿಯಾಗಿ ಹೇಳಿದವು: ಕಣ್ಣಿನ ವ್ಯಾಯಾಮದಿಂದಾಗಲಿ ಬಣ್ಣದ ಗಾಜಿನಿಂದಾಗಲಿ ಇಂಥ ಓದಿನ ತೊಂದರೆ ಹೋಗುತ್ತದೆ ಎನ್ನಲು ಆಧಾರವಿಲ್ಲ. ಕಣ್ಣಿನ ಡಾಕ್ಟರೇ ಕೈ ಎತ್ತಿದ ಮೇಲೂ ನಾವು ಬಿಟ್ಟಿಲ್ಲ.

ವೆಲುಟಿನೊ ಹೆಸರು ಕೇಳುವುದಕ್ಕೆ ಎಷ್ಟೋ ಮೊದಲು ಮೊಳಕಾಲ್ಮುರಿನ ನೇಕಾರರ ಬೀದಿಯಲ್ಲಿ ನಾನು ಅದೇ ಪ್ರಯೋಗ ನೋಡಿದ್ದೆ. ನೋಡಿಯೂ ತಿಳಿದಿರಲಿಲ್ಲ. ನಮ್ಮ ಶಾಲೆಯಲ್ಲಿ ನಾಲ್ಕನೇ ತರಗತಿಯ ಹುಡುಗಿ ಒಬ್ಬಳಿದ್ದಳು. ಮನೆಮಾತು ತೆಲುಗು. ಓದು ಎಂದರೆ ಸಾಲಿನ ಕೆಳಗೆ ಬೆರಳಿಟ್ಟು ಸುಮ್ಮನೆ ನಿಲ್ಲುತ್ತಿದ್ದಳು. ನನ್ನ ತಂಗಿಯ ಮಗಳ ಮದುವೆಗೆ ರೇಷ್ಮೆ ಸೀರೆ ನೋಡಲು ಒಂದು ಸಂಜೆ ಆ ಬೀದಿಗೆ ಹೋದಾಗ ಅವಳ ಮನೆಯಲ್ಲೇ ಮಗ್ಗದ ಮೇಲೆ ಸೀರೆ ಇತ್ತು. ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಅಪ್ಪ ನೇಯುತ್ತಿದ್ದ, ಪಕ್ಕದಲ್ಲಿ ಇವಳು ಕಂಡಿಕೆ ಸುತ್ತುತ್ತಿದ್ದಳು. ಹಾಸಿನಲ್ಲಿ ಎಲ್ಲೋ ಒಂದೆಳೆ ಕಿತ್ತಿತು. ಅಪ್ಪ ಲಾಳಿ ನಿಲ್ಲಿಸಿ ಹುಡುಕುವಷ್ಟರಲ್ಲಿ ಈ ಹುಡುಗಿ ಕೂತಲ್ಲಿಂದಲೇ ಬೆರಳು ತೋರಿಸಿದಳು. ಸಾವಿರಾರು ಎಳೆಗಳ ನಡುವೆ ಒಂದು, ನಲವತ್ತು ವ್ಯಾಟಿನ ಬಲ್ಬಿನ ಬೆಳಕಲ್ಲಿ. ಬುಟ್ಟಾದ ಲೆಕ್ಕ ತಪ್ಪಿದ್ದನ್ನೂ ಅವಳೇ ಹೇಳುತ್ತಾಳೆ ಎಂದು ಅಪ್ಪ ನಕ್ಕ. ನಾನು ಸೀರೆ ಕೊಂಡು ಬಂದೆ. ಮೇಷ್ಟ್ರಾಗಿ ಹೋಗಿರಲಿಲ್ಲ, ಗಿರಾಕಿಯಾಗಿ ಹೋಗಿದ್ದೆ. ಮಾರನೆಯ ತಿಂಗಳು ಅದೇ ಹುಡುಗಿಯನ್ನು ಕಣ್ಣಿನ ಶಿಬಿರಕ್ಕೆ ಕಳಿಸಿದೆ. ಒಂದು ಸಲವಲ್ಲ, ಎರಡು ವರ್ಷದಲ್ಲಿ ಮೂರು ಸಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಅದು ನಾನೇ.

ಈ ಕುಣಿಯುವ ಅಕ್ಷರದ ಕತೆ ಇಂಗ್ಲಿಷ್ ಲಿಪಿಯ ಮೇಲೆ ನಿಂತಿದೆ ಎಂಬುದನ್ನೂ ನಾವು ಗಮನಿಸಿಲ್ಲ. ತರಬೇತಿಯಲ್ಲಿ ಕೊಡುವ ಪರಿಶೀಲನಾ ಪಟ್ಟಿಯ ಮೊದಲ ಪ್ರಶ್ನೆಯೇ ‘ಮಗು ಬಿ ಮತ್ತು ಡಿ ಅಕ್ಷರಗಳನ್ನು ಅದಲುಬದಲು ಮಾಡುತ್ತದೆಯೇ?’ ಕನ್ನಡದಲ್ಲಿ ಕನ್ನಡಿಯಲ್ಲಿ ತಿರುಗಿಸಿದರೆ ಇನ್ನೊಂದು ಅಕ್ಷರವಾಗುವ ಅಂಥ ಜೋಡಿ ಎಲ್ಲಿದೆ? ನಮ್ಮ ಮಕ್ಕಳು ತಪ್ಪುವುದೇ ಬೇರೆ ಕಡೆ. ದ-ಧ, ಪ-ಫ, ಬ-ಭ. ಹೊಟ್ಟೆ ಸೀಳಿದೆಯೋ ಇಲ್ಲವೋ ಎನ್ನುವ ಕಡೆ. ವ-ಮ, ಪ-ಷ, ಎ-ಏ. ದೀರ್ಘ ಬಿಟ್ಟುಹೋಗುತ್ತದೆ, ಒತ್ತು ಜಾರುತ್ತದೆ. ಎಲ್ಲಕ್ಕಿಂತ ಕಷ್ಟ ಅರ್ಕಾವೊತ್ತು. ‘ಸೂರ್ಯ’ ಎಂದು ಬರೆದಾಗ ರಕಾರದ ಗುರುತು ಯಕಾರದ ಆಚೆ ಕೂತಿರುತ್ತದೆ, ಓದುವಾಗ ಈಚೆ ಬರಬೇಕು. ನಮ್ಮ ಹುಡುಗಿ ‘ಸೂಯ’ ಎಂದು ಓದಿ ನಿಲ್ಲಿಸಿ, ಆ ಕೊಂಡಿಯ ಮೇಲೆ ಬೆರಳಿಟ್ಟು, ‘ಈ ಬಾಲ ಏನ್ ಸಾ?’ ಎಂದು ಕೇಳಿದ್ದಳು. ಬಾಲ ಅವಳಿಗೆ ಸ್ಪಷ್ಟವಾಗಿ ಕಂಡಿತ್ತು, ಅದು ಕುಣಿಯುತ್ತಿರಲಿಲ್ಲ. ಅದಕ್ಕೆ ಸದ್ದು ಯಾವುದು, ಆ ಸದ್ದು ಎಲ್ಲಿ ಹೋಗಿ ಕೂರಬೇಕು ಎನ್ನುವುದು ಗೊತ್ತಿರಲಿಲ್ಲ. ಕೇಳಿದವಳಿಗೆ ನಾನು ಹೇಳಿದ್ದು, ‘ಸರಿಯಾಗಿ ನೋಡಿ ಓದು.’

ತಿರುವುಮುರುವಾಗಿ ಬರೆಯುವುದು ರೋಗದ ಗುರುತು ಎನ್ನುವವರು ಒಮ್ಮೆ ನಮ್ಮ ಬ್ರಹ್ಮಗಿರಿಗೆ ಬರಬೇಕು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲಿನ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಲೋಕಕ್ಕೆ ತಿಳಿಸಿದರು. ಅವನ್ನು ಬರೆದವನು ಚಪಡ. ಇಡೀ ಶಾಸನವನ್ನು ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತಾನು ಲಿಪಿಕಾರ ಎಂದು ಹೇಳುವ ಒಂದೇ ಒಂದು ಪದವನ್ನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದ. ತನ್ನ ಜಾಣ್ಮೆ ಮೆರೆಯಲು ಬರೆದನೋ, ಊರು ನೆನಪಾಗಿ ಬರೆದನೋ. ಎಡ ಬಲಗಳು ಕಣ್ಣಿನಲ್ಲಿಲ್ಲ, ಕಲಿಸಿದ ಕೈಯಲ್ಲಿವೆ. ಈಗಿನ ಪರಿಶೀಲನಾ ಪಟ್ಟಿ ಹಿಡಿದು ಕೂತರೆ ಚಪಡನ ಹೆಸರಿನ ಮುಂದೆಯೂ ಒಂದು ಗೀಟು ಬೀಳುತ್ತಿತ್ತು.

ಎದುರು ಪಕ್ಷದ ಬಲವಾದ ಮಾತನ್ನೂ ಕೇಳೋಣ. ಕನ್ನಡ ಲಿಪಿ ಕಣ್ಣಿಗೆ ಭಾರವಾದದ್ದು ನಿಜ. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ ಹಾಕಿದರೆ ಅಲ್ಲಿಗೇ 400 ದಾಟಿತು, ಒತ್ತಕ್ಷರ ಸೇರಿದರೆ ಲೆಕ್ಕವೇ ತಪ್ಪುತ್ತದೆ. ಬೆಂಗಳೂರಿನ ಸೊನಾಲಿ ನಾಗ್ ಕನ್ನಡ ಶಾಲೆಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಇಂಗ್ಲಿಷ್ ಮಕ್ಕಳು ಬೇಗನೆ ಮುಗಿಸಿಬಿಡುವ ಅಕ್ಷರದ ಕಲಿಕೆ ನಮ್ಮಲ್ಲಿ ನಾಲ್ಕನೇ ತರಗತಿಯಾದರೂ ಮುಗಿದಿರುವುದಿಲ್ಲ. ಮುಂದಿನ ಅಧ್ಯಯನಗಳಲ್ಲಿ ಅಕ್ಷರದ ಆಕಾರ ಎಷ್ಟು ತೊಡಕಿನದು ಎಂಬುದೂ ಲೆಕ್ಕಕ್ಕೆ ಬಂದಿದೆ. ಆದರೆ ಇದರಿಂದ ಏನು ಸಿದ್ಧವಾಗುತ್ತದೆ? ಹೊರೆ ದೊಡ್ಡದು, ಹೊರಲು ಕಾಲ ಬೇಕು ಎಂದು. ಹೊರುವ ಮಗುವಿನ ಕಣ್ಣು ಕೆಟ್ಟಿದೆ ಎಂದಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ರೂಪಿಸಿದವರಿಗೆ ಇದರ ಸುಳಿವಿತ್ತು. ಅ ಆ ಇ ಈ ಬಿಟ್ಟು ರ ಗ ಸ ದ ಅ, ಜ ವ ಮ ಬ ನ ಎಂದು ಆಕಾರ ನೋಡಿ ಜೋಡಿಸಿದರು, ಮೆಟ್ಟಿಲಿನ ಮೇಲೆ ಮಗು ತನ್ನ ವೇಗಕ್ಕೆ ಹತ್ತಲಿ ಎಂದರು. ಆ ಮೆಟ್ಟಿಲು ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಕಾಲಿಟ್ಟರೆ ದಪ್ಪ ಪುಸ್ತಕ, ಉದ್ದ ಪಾಠ, ತುಂಬ ಒತ್ತಕ್ಷರ. ನಾನು ಕಂಡ ಮಕ್ಕಳೆಲ್ಲ ಬಿದ್ದದ್ದು ಆ ಮೆಟ್ಟಿಲಿನ ಕೊನೆಯಲ್ಲಿ.

ಕಣ್ಣು ತಪಾಸಣೆ ಬೇಡ ಎಂದು ಯಾರೂ ಅಪಾರ್ಥ ಮಾಡಿಕೊಳ್ಳಬಾರದು. ಮೊದಲು ಕಣ್ಣು, ಅದರ ಜೊತೆಗೆ ಕಿವಿ, ನೋಡಿಸಲೇಬೇಕು. ಕರಿಹಲಗೆ ಕಾಣದೆ ವರ್ಷಗಟ್ಟಲೆ ಕೂತು, ಕನ್ನಡಕ ಸಿಕ್ಕ ತಿಂಗಳಿಗೆ ಓದತೊಡಗಿದ ಮಕ್ಕಳನ್ನು ಕಂಡಿದ್ದೇನೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರುತ್ತದೆ, ಅದರ ಪಟ್ಟಿಯಲ್ಲಿ ದೃಷ್ಟಿಯೂ ಇದೆ, ಕಲಿಕೆಯ ತೊಂದರೆಯೂ ಇದೆ. ಒಂದು ಮಧ್ಯಾಹ್ನದಲ್ಲಿ ಇನ್ನೂರು ಮಕ್ಕಳು. ಹಲ್ಲು, ಕಣ್ಣು, ರಕ್ತಹೀನತೆ ನೋಡಬಹುದು. ಕಲಿಕೆಯ ತೊಂದರೆಯನ್ನು ಟಾರ್ಚು ಬಿಟ್ಟು ನೋಡಲು ಬರುವುದಿಲ್ಲ.

ಇನ್ನು ಕಾನೂನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯನ್ನೂ ಸೇರಿಸಿತು. ಅದರ ವಿವರಣೆಯನ್ನು ಗಮನವಿಟ್ಟು ಓದಬೇಕು. ಆಡಿದ ಅಥವಾ ಬರೆದ ಭಾಷೆಯನ್ನು ನಿಭಾಯಿಸುವಲ್ಲಿನ ಕೊರತೆ ಎನ್ನುತ್ತದೆ ಮುಖ್ಯ ವಾಕ್ಯ. ಗ್ರಹಿಕೆಯ ನ್ಯೂನತೆ ಎಂಬ ಮಾತು ಕೊನೆಯ ಉದಾಹರಣೆಗಳ ಸಾಲಿನಲ್ಲಿ ಬರುತ್ತದೆ, ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾಗಳ ಜೊತೆ. ತರಬೇತಿಯವರು ತಲೆ ಬಿಟ್ಟು ಬಾಲ ಹಿಡಿದರು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಪಾಠಕ್ರಮ ಕೊಡುವುದು ಶಾಲೆಯ ಹೊಣೆ ಎಂದು 16ನೇ ಕಲಮು ಹೇಳುತ್ತದೆ. 2018ರ ಮಾರ್ಗಸೂಚಿಯಲ್ಲಿ ಮೊದಲ ಪ್ರಮಾಣಪತ್ರ ಎಂಟು ವರ್ಷಕ್ಕೆ, ಆಮೇಲೆ ಹದಿನಾಲ್ಕಕ್ಕೆ, ಹದಿನೆಂಟಕ್ಕೆ ಎಂದಿತ್ತು. ಬುದ್ಧಿಮಾಪನ ಅಂಕ 85 ದಾಟಿರಬೇಕಿತ್ತು. ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳಾಗಬೇಕಿತ್ತು. ಆ ಪತ್ರವಿದ್ದರೆ ಹತ್ತನೇ ತರಗತಿ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆಯಲು ಸಹಾಯಕ, ಭಾಷೆಯಲ್ಲಿ ರಿಯಾಯಿತಿ. ಒಳ್ಳೆಯದೇ. ನನ್ನ ಇಡೀ ಸೇವೆಯಲ್ಲಿ ಈ ಎರಡು ತಾಲ್ಲೂಕುಗಳ ಸರ್ಕಾರಿ ಶಾಲೆಯ ಒಂದು ಮಗುವೂ ಆ ಪತ್ರ ಹಿಡಿದು ನನ್ನೆದುರು ನಿಂತದ್ದಿಲ್ಲ. ಪರಶುರಾಂಪುರದ ಕಡೆಯ ಹಟ್ಟಿಯೊಂದರಿಂದ ಮಗುವನ್ನು ಆ ಪರೀಕ್ಷೆಗಳಿಗೆ ಯಾರು ಕರೆದೊಯ್ಯಬೇಕು? ಎಷ್ಟು ದಿನದ ಕೂಲಿ ಬಿಟ್ಟು? ಶೇಂಗಾ ಕೈಕೊಟ್ಟ ವರ್ಷ ಆ ಮನೆಯವರೇ ಊರಲ್ಲಿರುವುದಿಲ್ಲ. ಬೆಂಗಳೂರಿನ ಕಟ್ಟಡದಲ್ಲೋ ಮಲೆನಾಡಿನ ಕಾಫಿ ತೋಟದಲ್ಲೋ ಇರುತ್ತಾರೆ.

ಇಂಥ ಮನೆಗಳಿಗೆ ಶಾಲೆಯ ಪರವಾಗಿ ಹೋಗಿಬರುವವರು ಒಬ್ಬರು ಬೇಕು. ಅಲ್ಲಿಗೆ ಸಮಾಜ ಕಾರ್ಯಕರ್ತೆಯ ಮಾತು ಬಂತು. ಕಣ್ಣಿನ ಪಕ್ಷದವರು ಅವಳನ್ನು ಒಪ್ಪುವುದಿಲ್ಲ. ‘ಇದು ತಾಂತ್ರಿಕ ವಿಷಯ, ಎಂ.ಎಸ್.ಡಬ್ಲ್ಯೂ ಓದಿದ ಹುಡುಗಿ ಬಂದು ಏನು ಮಾಡ್ತಾಳೆ?’ ಎನ್ನುತ್ತಾರೆ.

ಏನು ಮಾಡುತ್ತಾಳೆ ಎಂದು ನನಗೆ ನೇಕಾರರ ಬೀದಿಯ ಆ ಹುಡುಗಿಯ ತಾಯಿ ಹೇಳಿದಳು, ಅದೂ ಎಷ್ಟೋ ವರ್ಷಗಳ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ. ಮಾತಿಗೆ ಮಾತು ಬಂದು ನಾನು, ನಿನ್ನ ಮಗಳಿಗೆ ಓದೊಂದು ಹತ್ತಲಿಲ್ಲ ನೋಡಮ್ಮ ಎಂದೆ. ‘ಅವ್ಳಿಗೆ ಮಾತು ಬಂದಿದ್ದೇ ಮೂರು ವರ್ಷ ತುಂಬಿದ ಮ್ಯಾಲೆ ಸಾ. ತೆಲುಗಲ್ಲೂ ಅಷ್ಟೆ, ಹೆಸ್ರೇ ನೆಪ್ಪಾಗಲ್ಲ, ಅದು ಇದು ಅಂತ ಕೈ ತೋರಿಸ್ತಿದ್ಲು. ಕಿವಿ ಬ್ಯಾರೆ ಸೋರ್ತಿತ್ತು. ಅವ್ರಪ್ಪಂಗೂ ಹಿಂಗೇ ಅಲ್ವಾ, ಮೂರನೇ ಕ್ಲಾಸ್‌ಗೇ ಬಿಡಿಸಿದ್ರು, ಓದಾಕೇ ಬರ್ಲಿಲ್ಲ’ ಎಂದಳು. ಆಮೇಲೆ, ದೂರುವ ದನಿಯೇ ಇಲ್ಲದೆ, ‘ನೀವು ಕೇಳಿದ್ರೆ ಅವತ್ತೇ ಹೇಳ್ತಿದ್ದೆ’ ಎಂದಳು.

ತಡವಾಗಿ ಬಂದ ಮಾತು, ಮನೆಮಾತಿನಲ್ಲೂ ಹೆಸರು ಸಿಗದ ತಡವರಿಕೆ, ಸೋರುವ ಕಿವಿ, ಅಪ್ಪನಿಗೂ ಇದ್ದ ತೊಂದರೆ. ಈ ನಾಲ್ಕು ಸಂಗತಿ ಯಾವ ತಜ್ಞರೆದುರು ಹೇಳಿದ್ದರೂ ಅವರು ಕುರ್ಚಿಯಿಂದ ಮುಂದಕ್ಕೆ ಬಾಗುತ್ತಿದ್ದರು. ಓದಿನ ತೊಂದರೆ ವಂಶದಲ್ಲಿ ಹರಿಯುತ್ತದೆ, ಅದರ ಬೇರು ಮಾತಿನ ಸದ್ದುಗಳಲ್ಲಿದೆ ಎಂಬುದು ಅವರಿಗೆ ಗೊತ್ತು. ನಾಲ್ಕೂ ಸಂಗತಿ ಶಾಲೆಯಿಂದ ಇನ್ನೂರು ಹೆಜ್ಜೆ ದೂರದ ಮನೆಯಲ್ಲಿದ್ದವು. ‘ಮನೆಯಲ್ಲಿ ತೆಲುಗು, ಅದಕ್ಕೇ ಕನ್ನಡ ಬರಲ್ಲ’ ಎಂಬ ನಮ್ಮ ಸ್ಟಾಫ್‌ರೂಮಿನ ತೀರ್ಪು ಸುಳ್ಳೋ ನಿಜವೋ ಎಂದು ತಿಳಿಯಲೂ ಆ ಮನೆಯ ತೆಲುಗನ್ನು ಕೇಳಬೇಕಿತ್ತು.

ಅಮೆರಿಕದಲ್ಲಿ ಶಾಲೆಯ ಸಮಾಜ ಕಾರ್ಯ ಶುರುವಾದದ್ದೇ ಹೀಗೆ ಮನೆಮನೆಗೆ ಹೋಗಿ. 1906-07ರ ಸುಮಾರಿಗೆ ನ್ಯೂಯಾರ್ಕ್, ಬೋಸ್ಟನ್, ಹಾರ್ಟ್‌ಫರ್ಡ್ ನಗರಗಳಲ್ಲಿ ವಲಸೆ ಬಂದ ಕೂಲಿಕಾರರ ಮಕ್ಕಳ ಮನೆಗೂ ಶಾಲೆಗೂ ನಡುವೆ ಓಡಾಡುವವರನ್ನು ನೇಮಿಸಿದರು. ಅವರನ್ನು ಕರೆದದ್ದು ‘ಮನೆಗೆ ಬರುವ ಟೀಚರು’ ಎಂದು. ನಮ್ಮಲ್ಲಿ ಬಸುರಿಯ ಮನೆಗೆ ಹೋಗಲು ಆಶಾ ಕಾರ್ಯಕರ್ತೆ ಇದ್ದಾಳೆ, ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ (ವಿ.ಆರ್.ಡಬ್ಲ್ಯೂ) ಇದ್ದಾನೆ, ಅಂಗವಿಕಲರ ಮಾಸಾಶನ, ಯುಡಿಐಡಿ ಗುರುತಿನ ಕಾರ್ಡಿಗೆ ಓಡಾಡುತ್ತಾನೆ. ಓದಲಾಗದ ಮಗು ಇವರಿಬ್ಬರ ಲೆಕ್ಕಕ್ಕೂ ಬರುವುದಿಲ್ಲ. ನಡೆಯುತ್ತದೆ, ಓಡುತ್ತದೆ, ಕಬಡ್ಡಿ ಆಡುತ್ತದೆ. ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು (ಬಿ.ಐ.ಇ.ಆರ್.ಟಿ.) ಇದ್ದಾರೆ, ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಜನ, ಶಾಲೆಗಳು ನೂರಾರು. 2021ರಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಅಗತ್ಯದ ಹತ್ತು ಪ್ರಾಥಮಿಕ ಮಕ್ಕಳಿಗೊಬ್ಬ, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೊಬ್ಬ ವಿಶೇಷ ಶಿಕ್ಷಕ ಬೇಕೆಂದಿತು. ಬೇಕು. ಆದರೆ ಎಣಿಕೆಗೇ ಸಿಗದ ಮಗುವಿಗೆ ಯಾವ ಅನುಪಾತದಿಂದ ಶಿಕ್ಷಕ ಸಿಕ್ಕಾನು?

‘ಮೇಷ್ಟ್ರೇ ಮನೆಗೆ ಹೋಗಿಬರಲಿ, ಅದಕ್ಕೊಂದು ಹುದ್ದೆ ಯಾಕೆ?’ ಎಂಬ ಮಾತು ಮೇಲಧಿಕಾರಿಗಳದು. ಹಾಲು, ಮೊಟ್ಟೆ, ಗಣತಿ, ಚುನಾವಣೆ ಎಂದು ನಾನು ಗೋಳು ಹೇಳಿಕೊಳ್ಳುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಬೇರೆ ಕಾರಣವಿದೆ. ಮೇಷ್ಟ್ರು ಬಾಗಿಲಿಗೆ ಬಂದರೆ ಆ ಮನೆ ಕೈಕಟ್ಟಿ ನಿಲ್ಲುತ್ತದೆ. ‘ಮನೆಯಲ್ಲಿ ಓದಿಸಲ್ವಾ?’ ಎಂಬ ಪ್ರಶ್ನೆಗೆ ಅಪರಾಧಿಯ ಹಾಗೆ ಉತ್ತರ ಕೊಡುತ್ತದೆ, ಅಪ್ಪ ಅಂದು ರಾತ್ರಿ ಮಗುವಿಗೆ ಎರಡು ಬಿಗಿಯುತ್ತಾನೆ. ತನಗೂ ಓದಲು ಬರುತ್ತಿರಲಿಲ್ಲ ಎಂದು ಯಾವ ಅಪ್ಪ ಮೇಷ್ಟ್ರಿಗೆ ಹೇಳಿಯಾನು? ಅಂಗಳದಲ್ಲಿ ಶೇಂಗಾ ಬಿಡಿಸುತ್ತ ಕೂತು ಮಾತಿಗಿಳಿಯುವ, ಅಂಕ ಹಾಕುವ ಅಧಿಕಾರವಿಲ್ಲದ ಒಬ್ಬಳಿಗೆ ಹೇಳುತ್ತಾನೆ. ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತದ್ದನ್ನೂ ಅಜ್ಜಿ ಅವಳಿಗೇ ಹೇಳುತ್ತಾಳೆ. ಅವಳು ಅದಕ್ಕೆ ನಗದೆ, ಹರಕೆ ಇರಲಿ ಅಜ್ಜಿ, ಕಿವಿ ತೋರಿಸಲು ಬುಧವಾರ ಹೋಗಿಬರೋಣ ಎನ್ನುತ್ತಾಳೆ. ಶಾಲೆಗೆ ಬಂದು, ಈ ಮಗುವನ್ನು ಎಲ್ಲರೆದುರು ನಿಲ್ಲಿಸಿ ಓದಿಸಬೇಡಿ ಸಾರ್ ಎಂದು ನನ್ನಂಥವನಿಗೆ ಹೇಳುವ ಧೈರ್ಯವೂ ಅವಳಿಗೆ ಬೇಕು. ವಲಸೆ ಹೋಗುವ ಮನೆಯ ಹೊರಡುವ ತಿಂಗಳು, ಬರುವ ತಿಂಗಳು ಅವಳ ಡೈರಿಯಲ್ಲಿರಬೇಕು.

ಓದು ಕಲಿಸುವುದು ಅವಳ ಕೆಲಸವಲ್ಲ. ಈ ಎಚ್ಚರ ಈಗಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಹುದ್ದೆ ಹುಟ್ಟಿದ ಮರುದಿನವೇ ‘ಅರ್ಕಾವೊತ್ತು ನೀನೇ ಕಲಿಸಮ್ಮ’ ಎಂದು ಅವಳ ಕೊರಳಿಗೆ ಕಟ್ಟುತ್ತೇವೆ. ಸದ್ದು ಬಿಡಿಸಿ, ಜೋಡಿಸಿ, ಒಂದೊಂದು ಒತ್ತನ್ನೂ ಹತ್ತು ಸಲ ಬೇರೆಬೇರೆ ಪದದಲ್ಲಿ ತಂದು ಕಲಿಸಬೇಕಾದವರು ನಾವು. ಅದಕ್ಕೆ ಬಣ್ಣದ ಹಾಳೆ ಬೇಡ, ದಿನಕ್ಕೆ ಅರ್ಧ ಗಂಟೆ ಬೇಕು.

ದುಡ್ಡಿಲ್ಲ ಎನ್ನುವವರಿಗೆ ಉತ್ತರ ಚಿಕ್ಕದು. ಎಂ.ಎಸ್.ಡಬ್ಲ್ಯೂ ಮುಗಿಸಿದವರು ಕಾರ್ಖಾನೆಗಳಲ್ಲಿ ಹಾಜರಿ ಲೆಕ್ಕ ನೋಡಿಕೊಳ್ಳುತ್ತಿದ್ದಾರೆ. ಪಕ್ಕದ ಕೇರಳ ತನ್ನ ಶಾಲೆಗಳಿಗೆ ಆಪ್ತ ಸಮಾಲೋಚಕರನ್ನು ಕೊಟ್ಟಿದೆ. ಕ್ಲಸ್ಟರಿಗೊಬ್ಬಳಂತೆ ಈ ಎರಡು ತಾಲ್ಲೂಕಿಗೆ ಕೊಟ್ಟು ಐದು ವರ್ಷ ನೋಡಲಿ.

ಆ ಹುಡುಗಿ ಏಳನೇ ತರಗತಿಗೆ ಶಾಲೆ ಬಿಟ್ಟಳು. ಈಗ ಅವಳದೇ ಮಗ್ಗವಿದೆಯಂತೆ, ವ್ಯಾಪಾರದ ಮಾತೆಲ್ಲ ವಾಟ್ಸಾಪಿನಲ್ಲಿ ಧ್ವನಿ ಕಳಿಸಿ ಮುಗಿಸುತ್ತಾಳಂತೆ. ಅವಳು ನಾಲ್ಕನೇ ತರಗತಿಯಲ್ಲಿದ್ದಾಗ ವಿಶೇಷ ಅಗತ್ಯದ ಮಕ್ಕಳ ಪಟ್ಟಿ ಕಳಿಸಿ ಎಂದು ಸುತ್ತೋಲೆ ಬಂದಿತ್ತು. ನಮೂನೆಯಲ್ಲಿ ಅವಳಿಗೆ ಹೊಂದುವ ಅಂಕಣ ಹುಡುಕಿ ಹುಡುಕಿ, ಸಂಜೆಯೊಳಗೆ ಕಳಿಸಬೇಕಿದ್ದರಿಂದ, ನಾನು ಒಂದು ಕಡೆ ಗುರುತು ಹಾಕಿ ಸಹಿ ಮಾಡಿದೆ. ಕಾಗದಗಳನ್ನು ಗೆದ್ದಲು ತಿಂದಿರದಿದ್ದರೆ ಅವಳ ಹೆಸರಿನ ಮುಂದೆ ನನ್ನ ಕೈಬರಹದಲ್ಲಿ ಇವತ್ತಿಗೂ ‘ದೃಷ್ಟಿದೋಷ’ ಎಂದೇ ಇರುತ್ತದೆ.